ನಾಲ್ಕು ಕೋಟಿ ಅಂಕಿಯ ಅವಿಭಾಜ್ಯ ಸಂಖ್ಯೆ: ಭಾಗಿಸದೆ ಗೊತ್ತಾಗುವುದು ಹೇಗೆ?

ಪ್ರಶ್ನೆ: ಹಾಸನದ ಪದವಿಪೂರ್ವ ಕಾಲೇಜೊಂದರಲ್ಲಿ ಗಣಿತ ಪಾಠ ಮಾಡುತ್ತೇನೆ. ವಿಜ್ಞಾನ ವಸ್ತುಪ್ರದರ್ಶನಕ್ಕೆ ನಮ್ಮ ಮಕ್ಕಳು “ಜಗತ್ತಿನ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ” ಎಂದು 2¹³⁶²⁷⁹⁸⁴¹ − 1 ಬಗ್ಗೆ ಚಾರ್ಟ್ ಬರೆಯುತ್ತಿದ್ದಾರೆ. “ಇಷ್ಟು ದೊಡ್ಡದನ್ನ ಯಾರು ಮೇಡಂ ಭಾಗಿಸಿ ನೋಡಿದ್ದು?” ಎಂದು ಒಬ್ಬ ಹುಡುಗ ಕೇಳಿದ. ಅದಕ್ಕೆ ಏನು ಹೇಳಬೇಕು? ಜೊತೆಗೆ ಲ್ಯಾಬಿನಲ್ಲಿ ಮೂರು ತೊಡಕು ಬಂದಿವೆ. ಲಾಗ್ ಟೇಬಲ್ ಹಿಡಿದು ಲೆಕ್ಕ ಹಾಕಿದರೆ ಅಂಕಿಗಳ ಸಂಖ್ಯೆ ಹೊಂದುತ್ತಿಲ್ಲ. ಪೈಥಾನ್‌ನಲ್ಲಿ ಪ್ರಿಂಟ್ ಕೊಟ್ಟರೆ ಎರರ್ ಬರುತ್ತದೆ. ಸಂಖ್ಯೆ ಅವಿಭಾಜ್ಯವೇ ಎಂದು ನೋಡುವ ಫರ್ಮಾ ಪರೀಕ್ಷೆಗೆ ಮಕ್ಕಳೇ ಪ್ರೋಗ್ರಾಮ್ ಬರೆದರು, ಅದು 2047 ಅವಿಭಾಜ್ಯ ಎನ್ನುತ್ತಿದೆ; ಆದರೆ 2047 = 23 × 89.

ಉತ್ತರ: ಯಾರೂ ಭಾಗಿಸಿ ನೋಡಿಲ್ಲ, ನೋಡಲು ಆಗುವುದೂ ಇಲ್ಲ. ಆ ಹುಡುಗನಿಗೆ ಇದನ್ನೇ ಮೊದಲು ಹೇಳಿ. ಈ ಸಂಖ್ಯೆಯ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಬಂದಿರುವುದು ಅದರ ರೂಪದಿಂದ, ಅಂದರೆ ‘2ರ ಒಂದು ಘಾತ, ಅದರಲ್ಲಿ 1 ಕಡಿಮೆ’ ಎಂಬುದರಿಂದ. ಅದರ ಅಂಕಿಗಳನ್ನು ನೋಡಿ ಯಾರೂ ಏನನ್ನೂ ಕಂಡುಹಿಡಿದಿಲ್ಲ. ಇಷ್ಟೇ ಉದ್ದದ ಇನ್ನೊಂದು ಸಂಖ್ಯೆಯನ್ನು ಮನಸ್ಸಿಗೆ ಬಂದ ಅಂಕಿ ಸೇರಿಸಿ ಬರೆದುಕೊಟ್ಟರೆ, ಅದು ಅವಿಭಾಜ್ಯವೆಂದು ಸಾಧಿಸಲು ಇವತ್ತಿನ ಯಾವ ಯಂತ್ರದಿಂದಲೂ ಆಗದು.

ಭಾಗಿಸುವ ದಾರಿ ಎಲ್ಲಿಯವರೆಗೆ ನಡೆಯುತ್ತದೆ ಎಂಬುದನ್ನು ಊರಿನ ಸಂಖ್ಯೆಯಲ್ಲೇ ತೋರಿಸಬಹುದು. ಹಾಸನದ ಪಿನ್ 573201, ಚಿಕ್ಕಮಗಳೂರಿನದು 577101. ಅಂಕಿ ಕೂಡಿದರೆ 18 ಮತ್ತು 21, ಹಾಗಾಗಿ ಎರಡೂ 3ರಿಂದ ಭಾಗವಾಗುತ್ತವೆ. ಹಳೇಬೀಡಿನ 573121 ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಇದರ ವರ್ಗಮೂಲ 757ಕ್ಕಿಂತ ಕೂದಲೆಳೆಯಷ್ಟು ಹೆಚ್ಚು. 757ರವರೆಗೆ ಇರುವ ಅವಿಭಾಜ್ಯಗಳು 134. ಅಂದರೆ ಹೆಚ್ಚೆಂದರೆ 134 ಸಲ ಭಾಗಿಸಿದರೆ ತೀರ್ಪು ಸಿಕ್ಕಿಬಿಡುತ್ತದೆ. ಇಲ್ಲಿ ಏಳನೆಯ ಸಲಕ್ಕೇ ಸಿಗುತ್ತದೆ: 573121 = 17 × 33713. ಆರು ಅಂಕಿಗೆ ಇದು ಸರಿ. ಆದರೆ ನಾಲ್ಕು ಕೋಟಿ ಅಂಕಿಯ ಸಂಖ್ಯೆಯ ವರ್ಗಮೂಲಕ್ಕೇ ಎರಡು ಕೋಟಿ ಅಂಕಿ ಇರುತ್ತದೆ. ಅಲ್ಲಿಯವರೆಗಿನ ಅವಿಭಾಜ್ಯಗಳನ್ನು ಎಣಿಸುವ ಮಾತೇ ಬೇಡ.

ಈಗ ಅಂಕಿಗಳ ಲೆಕ್ಕ. ಘಾತವನ್ನು 2ರ ಲಾಗ್‌ನಿಂದ ಗುಣಿಸಿ, ಪೂರ್ಣಾಂಕ ಭಾಗಕ್ಕೆ 1 ಕೂಡಿಸಿದರೆ ಅಂಕಿಗಳ ಸಂಖ್ಯೆ ಬರುತ್ತದೆ. ಕೊನೆಯಲ್ಲಿ 1 ಕಳೆಯುವುದರಿಂದ ವ್ಯತ್ಯಾಸವಾಗದು, ಏಕೆಂದರೆ 2ರ ಯಾವ ಘಾತವೂ ಸೊನ್ನೆಯಿಂದ ಮುಗಿಯುವುದಿಲ್ಲ. ನಿಮ್ಮ ವಿಧಾನ ಸರಿಯಾಗಿಯೇ ಇದೆ, ತಪ್ಪಿರುವುದು ಲಾಗ್‌ನ ದಶಮಾಂಶ ಸ್ಥಾನಗಳಲ್ಲಿ. ಟೇಬಲ್‌ನ 0.3010 ಹಿಡಿದರೆ 4,10,20,233 ಬರುತ್ತದೆ, ನಾಲ್ಕು ಸಾವಿರಕ್ಕೂ ಹೆಚ್ಚು ಕಡಿಮೆ. 0.30103 ಹಿಡಿದರೆ 4,10,24,321, ಒಂದೇ ಒಂದು ಹೆಚ್ಚು. ಇದು ಇನ್ನೂ ಅಪಾಯದ ತಪ್ಪು, ಏಕೆಂದರೆ ನೋಡಿದವರು ಸರಿಯೆಂದೇ ನಂಬುತ್ತಾರೆ. ಘಾತ ಒಂಬತ್ತು ಅಂಕಿಯದು, ಹಾಗಾಗಿ ಲಾಗ್‌ನ ಒಂಬತ್ತನೆಯ ದಶಮಾಂಶದಲ್ಲಿರುವ ಸಣ್ಣ ಕೊರತೆಯೂ ಗುಣಿಸಿದ ಮೇಲೆ ದೊಡ್ಡದಾಗುತ್ತದೆ. 0.301029995664 ತೆಗೆದುಕೊಳ್ಳಿ: ಗುಣಲಬ್ಧ 4,10,24,319.9453. ಆದ್ದರಿಂದ ಅಂಕಿಗಳು 4,10,24,320. ದಶಮಾಂಶ ಭಾಗವನ್ನೂ ಬಿಸಾಡಬೇಡಿ. 0.9453ರ ಆಂಟಿಲಾಗ್ ಸುಮಾರು 8.817, ಹಾಗಾಗಿ ಸಂಖ್ಯೆ 881ರಿಂದ ಶುರುವಾಗುತ್ತದೆ ಎಂಬುದು ಬರೆಯದೆಯೇ ಗೊತ್ತಾಯಿತು.

ಬಾಲದ ಅಂಕಿಗಳು ಇನ್ನೂ ಸುಲಭ. 2ರ ಘಾತಗಳ ಕೊನೆಯ ಅಂಕಿ 2, 4, 8, 6 ಎಂದು ನಾಲ್ಕಕ್ಕೊಮ್ಮೆ ಸುತ್ತುತ್ತದೆ. ಕೊನೆಯ ಮೂರು ಅಂಕಿಗಳು, ಮೂರನೆಯ ಘಾತದಿಂದ ಮುಂದಕ್ಕೆ, 100 ಹೆಜ್ಜೆಗೊಮ್ಮೆ ಸುತ್ತುತ್ತವೆ. 136279841ರ ಕೊನೆಯ ಎರಡು ಅಂಕಿ 41. ಆದ್ದರಿಂದ 2⁴¹ = 2199023255552 ನೋಡಿದರೆ ಸಾಕು; ಅದು 552ರಿಂದ ಮುಗಿಯುತ್ತದೆ, 1 ಕಳೆದರೆ 551. ನಮ್ಮ ಸಂಖ್ಯೆಯೂ 551ರಿಂದಲೇ ಮುಗಿಯುತ್ತದೆ. ಮಕ್ಕಳು ಚಾರ್ಟಿನ ಮುಂದೆ ನಿಂತು ಬಂದವರೆದುರು ಮಾಡಿ ತೋರಿಸಲು ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಉದ್ದದ ಅಂದಾಜು ಬೇಕಾದರೆ, ಒಂದು ಅಂಕಿಗೆ 2 ಮಿಲಿಮೀಟರ್ ಜಾಗ ಕೊಟ್ಟು ಒಂದೇ ಸಾಲಿನಲ್ಲಿ ಬರೆದರೆ 82 ಕಿಲೋಮೀಟರ್ ಆಗುತ್ತದೆ. ಹಾಸನದಿಂದ ಸಕಲೇಶಪುರಕ್ಕೆ ಹೋಗಿ ವಾಪಸ್ ಬಂದಷ್ಟು. ಎ4 ಹಾಳೆಗೆ 5,000 ಅಂಕಿ ಹಿಡಿಸಿದರೂ 8,205 ಪುಟ. ಪ್ರಿಂಟ್ ತೆಗೆಯುವ ಯೋಚನೆ ಬಿಡಿ, ಮೊದಲ ಪುಟ ಮತ್ತು ಕೊನೆಯ ಪುಟ ಸಾಕು.

ಪ್ರಿಂಟ್ ಎಂದಾಗ ನಿಮ್ಮ ಪೈಥಾನ್ ಎರರ್ ಮಾತು ಬಂತು. ಅದು ನಿಮ್ಮ ಪ್ರೋಗ್ರಾಮಿನ ದೋಷವಲ್ಲ. ಪೈಥಾನ್ 3.11ರಿಂದೀಚೆಗೆ 4,300 ಅಂಕಿಗಿಂತ ಉದ್ದದ ಪೂರ್ಣಾಂಕವನ್ನು ಅಕ್ಷರಸಾಲಾಗಿ ಬದಲಿಸಲು ಅದು ತಾನಾಗಿ ಒಪ್ಪುವುದಿಲ್ಲ. 2¹¹²¹³ − 1ಕ್ಕೆ 3,376 ಅಂಕಿ, ಪ್ರಿಂಟ್ ಆಗುತ್ತದೆ. 2¹⁹⁹³⁷ − 1ಕ್ಕೆ 6,002 ಅಂಕಿ, ಎರರ್ ಬರುತ್ತದೆ. ಮಿತಿಯನ್ನು ಬದಲಿಸುವ ಫಂಕ್ಷನ್ನಿನ ಹೆಸರು ಆ ಎರರ್ ಸಂದೇಶದಲ್ಲೇ ಇರುತ್ತದೆ. ಅದಕ್ಕೆ 0 ಕೊಟ್ಟರೆ ಮಿತಿ ಹೋಗುತ್ತದೆ. ಆದರೂ ನಾಲ್ಕು ಕೋಟಿ ಅಂಕಿಯದನ್ನು ಹೀಗೆ ಪ್ರಿಂಟ್ ಮಾಡಲು ಹೋಗಬೇಡಿ, ಹಳೆಯ ಆವೃತ್ತಿಯಲ್ಲಿ ಯಂತ್ರ ಗಂಟೆಗಟ್ಟಲೆ ಮೌನವಾಗಿ ಕೂತುಬಿಡುತ್ತದೆ. ವಿಚಿತ್ರವೆಂದರೆ ಸಂಖ್ಯೆಯನ್ನು ಉಂಟುಮಾಡುವುದು ಕಣ್ಣು ಮಿಟುಕಿಸುವಷ್ಟರ ಕೆಲಸ. ಬೈನರಿಯಲ್ಲಿ, ಅಂದರೆ 0 ಮತ್ತು 1 ಮಾತ್ರ ಬಳಸುವ ಪದ್ಧತಿಯಲ್ಲಿ, ಅದು ಬರೀ 1ಗಳ ಸಾಲು, ಒಟ್ಟು 13,62,79,841 ಒಂದುಗಳು. ಮೆಮೊರಿಯಲ್ಲಿ ಹಿಡಿಯುವ ಜಾಗ 17 ಮೆಗಾಬೈಟ್. ಅದನ್ನು ಹತ್ತರ ಪದ್ಧತಿಗೆ ತಿರುಗಿಸುವುದೇ ಹೊರೆ. ಕೊನೆಯ ಕೆಲವು ಅಂಕಿ ಮಾತ್ರ ಬೇಕಾದರೆ ‘ಪೌ’ (pow) ಫಂಕ್ಷನ್ನಿಗೆ ಮೂರು ಬೆಲೆ ಕೊಡಿ: ಆಧಾರ, ಘಾತ, ಯಾವುದರಿಂದ ಭಾಗಿಸಿದ ಶೇಷ ಬೇಕೋ ಅದು. ಮೂರನೆಯದು 10ರ ಒಂಬತ್ತನೆಯ ಘಾತವಾಗಿದ್ದರೆ ಕೊನೆಯ ಒಂಬತ್ತು ಅಂಕಿ ತಕ್ಷಣ ಸಿಗುತ್ತವೆ. 1 ಕಳೆಯಲು ಮರೆಯಬೇಡಿ.

ಎಕ್ಸೆಲ್‌ನಲ್ಲಿ ಈ ಯಾವ ಕೆಲಸವನ್ನೂ ಮಾಡಿಸಬೇಡಿ. ಅದು 15 ಅಂಕಿ ಮಾತ್ರ ಇಟ್ಟುಕೊಂಡು ಉಳಿದಲ್ಲಿ ಸೊನ್ನೆ ತುಂಬುತ್ತದೆ. 2⁶¹ − 1ರ ನಿಜವಾದ ಬೆಲೆ 2305843009213693951. ಎಕ್ಸೆಲ್ ತೋರಿಸುವುದು 2305843009213690000. ಸೊನ್ನೆಯಿಂದ ಮುಗಿಯುವ ‘ಅವಿಭಾಜ್ಯ’ ಚಾರ್ಟಿನ ಮೇಲೆ ಬಂದರೆ ತೀರ್ಪುಗಾರರ ಕಣ್ಣಿಗೆ ಮೊದಲು ಬೀಳುವುದೇ ಅದು.

ಇನ್ನು ಅಸಲು ವಿಷಯ. 2^ಪಿ − 1 ರೂಪದ ಸಂಖ್ಯೆಗಳಿಗೆ ಮರ್ಸೆನ್ ಸಂಖ್ಯೆ ಎಂದು ಹೆಸರು. ಬರೆಯಲು ಸುಲಭವಾಗಲಿ ಎಂದು ಇಲ್ಲಿ ಮ(ಪಿ) ಎನ್ನುತ್ತೇನೆ. ಮ(ಪಿ) ಅವಿಭಾಜ್ಯವಾಗಬೇಕಾದರೆ ಪಿ ಕೂಡ ಅವಿಭಾಜ್ಯವಾಗಿರಲೇಬೇಕು. ಕಾರಣ ಬೈನರಿಯಲ್ಲಿ ಕಣ್ಣಿಗೇ ಕಾಣುತ್ತದೆ: ಘಾತ 6 ಆದರೆ 111111 ಬರುತ್ತದೆ, ಅದು 111ರ ಎರಡು ಗುಂಪು, ಅಂದರೆ 111 × 1001; ನಮ್ಮ ಪದ್ಧತಿಯಲ್ಲಿ 63 = 7 × 9. ಘಾತವನ್ನು ಸಮನಾದ ಗುಂಪು ಮಾಡಲು ಬಂದರೆ ಸಂಖ್ಯೆಯೂ ಒಡೆಯುತ್ತದೆ. ಆದರೆ ಇದು ತಿರುವುಮುರುವಾಗಿ ನಿಲ್ಲುವುದಿಲ್ಲ. 11 ಅವಿಭಾಜ್ಯ, ಮ(11) = 2047 ಅಲ್ಲ. ಮರಾನ್ ಮರ್ಸೆನ್ 1644ರಲ್ಲಿ ಕೊಟ್ಟ ಪಟ್ಟಿಯಲ್ಲಿ 67 ಮತ್ತು 257 ತಪ್ಪಾಗಿ ಸೇರಿದ್ದವು, 61, 89, 107 ಬಿಟ್ಟುಹೋಗಿದ್ದವು. ಮ(67) ಅವಿಭಾಜ್ಯವಲ್ಲ ಎಂದು ಎಡ್ವರ್ಡ್ ಲ್ಯೂಕಾ 1876ರಲ್ಲೇ ತೋರಿಸಿದ್ದ, ಅದೂ ಒಂದೇ ಒಂದು ಅಪವರ್ತನವನ್ನೂ ಹೇಳದೆ. ಅಪವರ್ತನಗಳು 193707721 ಮತ್ತು 761838257287 ಎಂದು ಫ್ರಾಂಕ್ ನೆಲ್ಸನ್ ಕೋಲ್ ಮುಂದಿಟ್ಟದ್ದು 1903ರಲ್ಲಿ. ‘ಒಡೆಯುತ್ತದೆ’ ಎಂದು ತಿಳಿಯುವುದು ಬೇರೆ, ‘ಹೀಗೆ ಒಡೆಯುತ್ತದೆ’ ಎಂದು ತಿಳಿಯುವುದು ಬೇರೆ. ನಿಮ್ಮ ವಿದ್ಯಾರ್ಥಿಯ ಪ್ರಶ್ನೆಯ ಬುಡ ಇಲ್ಲೇ ಇದೆ.

ಭಾಗಿಸುವ ಕೆಲಸವನ್ನೂ ಈ ರೂಪ ಎಷ್ಟೋ ಹಗುರ ಮಾಡುತ್ತದೆ. ಪಿ ಬೆಸ ಅವಿಭಾಜ್ಯವಾಗಿದ್ದು, ಕ್ಯು ಎಂಬ ಅವಿಭಾಜ್ಯ ಮ(ಪಿ)ಯನ್ನು ಭಾಗಿಸಿದರೆ ಎರಡು ಕಟ್ಟುಪಾಡುಗಳಿವೆ. ಒಂದು, ಕ್ಯುವಿನಲ್ಲಿ 1 ಕಳೆದರೆ ಉಳಿದದ್ದು 2ಪಿಯ ಗುಣಕವಾಗಿರಬೇಕು. ಎರಡು, ಕ್ಯುವನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಆಗಿರಬೇಕು. 2047ರಲ್ಲಿ ನೋಡಿ: 23 = 22 + 1, 89 = 4 × 22 + 1; 8ರ ಶೇಷಗಳು 7 ಮತ್ತು 1. ಲಿಯೊನಾರ್ಡ್ ಆಯ್ಲರ್ 1772ರ ಹೊತ್ತಿಗೆ ಮ(31) = 2147483647 ಅವಿಭಾಜ್ಯ ಎಂದು ಸಾಧಿಸಿದ್ದು ಇದರ ಬಲದಿಂದಲೇ. ಇದರ ವರ್ಗಮೂಲ 46,340ರ ಆಸುಪಾಸು. ಎರಡೂ ಕಟ್ಟುಪಾಡು ಸೇರಿಸಿದರೆ ಭಾಜಕವು 248ರಿಂದ ಭಾಗಿಸಿದಾಗ 1 ಅಥವಾ 63 ಉಳಿಸಬೇಕು. ಅಷ್ಟರೊಳಗೆ ಅಂಥವು 373 ಮಾತ್ರ, ಅವುಗಳಲ್ಲಿ ಅವಿಭಾಜ್ಯವಾದವು ನೂರೂ ಇಲ್ಲ. ಕಾಗದ ಪೆನ್ಸಿಲ್ ಹಿಡಿದು ಒಂದು ತರಗತಿಯ ಮಕ್ಕಳು ಹಂಚಿಕೊಂಡು ಮುಗಿಸಬಹುದಾದ ಕೆಲಸ.

ನಮ್ಮ ದೊಡ್ಡ ಸಂಖ್ಯೆಗೂ ಮೊದಲ ಜರಡಿ ಇದೇ. ಘಾತದ ಎರಡರಷ್ಟಕ್ಕೆ 1 ಕೂಡಿಸಿದರೆ 27,25,59,683. 8ರ ಶೇಷ 3, ಆದ್ದರಿಂದ ಬಿಡಿ. ನಾಲ್ಕರಷ್ಟಕ್ಕೆ 1 ಕೂಡಿಸಿದರೆ 54,51,19,365. ಶೇಷ 5, ಬಿಡಿ. ಆರರಷ್ಟಕ್ಕೆ 1 ಕೂಡಿಸಿದರೆ 81,76,79,047. ಶೇಷ 7, ಇದನ್ನು ನೋಡಬೇಕು. ನೋಡುವುದು ಎಂದರೆ ನಾಲ್ಕು ಕೋಟಿ ಅಂಕಿಯನ್ನು ಭಾಗಿಸುವುದಲ್ಲ. 2ರಿಂದ ಶುರುಮಾಡಿ, ಘಾತದ ಬೈನರಿ ರೂಪವನ್ನು ಓದುತ್ತ 27 ಸಲ ವರ್ಗ ಮಾಡಿ, ಪ್ರತಿ ಸಲ ಶೇಷ ತೆಗೆದು, ಬೇಕಾದಲ್ಲಿ ದುಪ್ಪಟ್ಟು ಮಾಡುತ್ತ ಹೋಗುವುದು. ಕೊನೆಯ ಶೇಷ 1 ಬಂದರೆ ಅದು ಭಾಜಕ. ಬರಲಿಲ್ಲವೆಂದರೆ ಮುಂದಿನದಕ್ಕೆ. ಮರ್ಸೆನ್ ಸಂಖ್ಯೆಗಳ ಹುಡುಕಾಟದಲ್ಲಿ ಹೆಚ್ಚಿನ ಘಾತಗಳು ಈ ಜರಡಿಯಲ್ಲೇ ಉದುರಿಹೋಗುತ್ತವೆ.

ಈಗ ನಿಮ್ಮ ಫರ್ಮಾ ಪರೀಕ್ಷೆ. ಎನ್ ಅವಿಭಾಜ್ಯವಾಗಿದ್ದರೆ, ಅದರಿಂದ ಭಾಗವಾಗದ ಯಾವುದೇ ಆಧಾರವನ್ನು ಎನ್ − 1 ಘಾತಕ್ಕೇರಿಸಿ ಎನ್‌ನಿಂದ ಭಾಗಿಸಿದರೆ ಶೇಷ 1. ಮಕ್ಕಳು ಆಧಾರವಾಗಿ 2 ಹಿಡಿದಿದ್ದಾರೆ, ಎಡವಟ್ಟಾದದ್ದು ಅಲ್ಲಿ. ಮರ್ಸೆನ್ ಸಂಖ್ಯೆಗೆ 2 ಕೊಟ್ಟರೆ ಉತ್ತರ ಯಾವಾಗಲೂ 1. ಮ(ಪಿ)ಯಿಂದ ಭಾಗಿಸಿದರೆ 2^ಪಿಯ ಶೇಷ 1, ಅದು ಸಂಖ್ಯೆಯ ಅರ್ಥದಲ್ಲೇ ಇದೆ. ಮ(ಪಿ) − 1 ಅಂದರೆ 2^ಪಿ − 2. ಪಿ ಅವಿಭಾಜ್ಯವಾದ್ದರಿಂದ ಅದು ಪಿಯ ಗುಣಕ. 1ರ ಯಾವ ಘಾತವೂ 1. ಹೀಗಾಗಿ 2047 ಮಾತ್ರವಲ್ಲ, ಮ(23), ಮ(29), ಮ(67) ಎಲ್ಲವೂ ಈ ಪರೀಕ್ಷೆಯಲ್ಲಿ ಪಾಸ್, ಒಂದೂ ಅವಿಭಾಜ್ಯವಲ್ಲ. ಆಧಾರವನ್ನು 3 ಮಾಡಿ ನೋಡಿ: 3ನ್ನು 2046 ಘಾತಕ್ಕೇರಿಸಿ 2047ರಿಂದ ಭಾಗಿಸಿದರೆ ಶೇಷ 1013. 1 ಅಲ್ಲ, ಆದ್ದರಿಂದ 2047 ಖಂಡಿತ ಅವಿಭಾಜ್ಯವಲ್ಲ. ಆದರೆ 3ರಲ್ಲಿ 1 ಬಂದರೆ ಮಾತ್ರ ‘ಬಹುಶಃ ಅವಿಭಾಜ್ಯ’ ಎನ್ನಬೇಕು, ಹೆಚ್ಚಿಗೆ ಹೇಳುವಂತಿಲ್ಲ. ಸಾಮಾನ್ಯ ಸಂಖ್ಯೆಗಳಿಗೆ ಲ್ಯಾಬ್ ಪ್ರೋಗ್ರಾಮ್ ಬೇಕಿದ್ದರೆ ಇದನ್ನು ಬಿಟ್ಟು ಮಿಲ್ಲರ್–ರಾಬಿನ್ ಪರೀಕ್ಷೆ ಹಾಕಿಸಿ. 64 ಬಿಟ್‌ನೊಳಗಿನ ಯಾವುದೇ ಸಂಖ್ಯೆಗೆ 2ರಿಂದ 37ರವರೆಗಿನ ಹನ್ನೆರಡು ಅವಿಭಾಜ್ಯಗಳನ್ನು ಆಧಾರವಾಗಿ ಕೊಟ್ಟರೆ ತೀರ್ಪು ನಿಖರ, ‘ಬಹುಶಃ’ ಬೇಕಿಲ್ಲ.

ಮರ್ಸೆನ್ ಸಂಖ್ಯೆಗೆ ಮಾತ್ರ ಖಚಿತ ಪರೀಕ್ಷೆಯೊಂದಿದೆ: ಲ್ಯೂಕಾ ಆರಂಭಿಸಿ, ಡಿ. ಎಚ್. ಲೆಹ್ಮರ್ ಈಗಿನ ರೂಪಕ್ಕೆ ತಂದದ್ದು. 4ರಿಂದ ಶುರುಮಾಡಿ. ವರ್ಗ ಮಾಡಿ, 2 ಕಳೆಯಿರಿ, ಮ(ಪಿ)ಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. ಇದನ್ನು ಪಿ − 2 ಸಲ ಮಾಡಿ. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ.

ಇಲ್ಲಿ ಭಾಗಾಕಾರವನ್ನೂ ಮಾಡಬೇಕಿಲ್ಲ. 127ರ ಶೇಷ ಬೇಕಾದರೆ ಸಂಖ್ಯೆಯನ್ನು 128ರ ಗುಂಪುಗಳಾಗಿ ಮಾಡಿ, ಗುಂಪಿನ ಎಣಿಕೆಗೆ ಉಳಿಕೆಯನ್ನು ಕೂಡಿದರೆ ಆಯಿತು, ಏಕೆಂದರೆ 128ರ ಶೇಷ 1. ಯಂತ್ರಕ್ಕೆ 128ರ ಗುಂಪು ಮಾಡುವುದು ಎಂದರೆ ಬೈನರಿ ಸಾಲನ್ನು ಏಳನೇ ಬಿಟ್‌ನಲ್ಲಿ ತುಂಡು ಮಾಡುವುದಷ್ಟೇ. ಮ(7) = 127ಕ್ಕೆ ಪೂರ್ತಿ ಮಾಡೋಣ, ಐದು ಹೆಜ್ಜೆ.

4ರ ವರ್ಗ 16, 2 ಕಳೆದರೆ 14.
14ರ ವರ್ಗ 196, 2 ಕಳೆದರೆ 194, ಇದರಲ್ಲಿ 128ರ ಗುಂಪು 1, ಉಳಿಕೆ 66, ಕೂಡಿದರೆ 67.
67ರ ವರ್ಗ 4489, 2 ಕಳೆದರೆ 4487, ಗುಂಪು 35, ಉಳಿಕೆ 7, ಕೂಡಿದರೆ 42.
42ರ ವರ್ಗ 1764, 2 ಕಳೆದರೆ 1762, ಗುಂಪು 13, ಉಳಿಕೆ 98, ಕೂಡಿದರೆ 111.
111ರ ವರ್ಗ 12321, 2 ಕಳೆದರೆ 12319, ಗುಂಪು 96, ಉಳಿಕೆ 31, ಕೂಡಿದರೆ 127.

ಕೊನೆಯ 127ನ್ನು 127ರಿಂದ ಭಾಗಿಸಿದರೆ ಶೇಷ ಸೊನ್ನೆ. ಆದ್ದರಿಂದ 127 ಅವಿಭಾಜ್ಯ. ಮಕ್ಕಳ ಪ್ರೋಗ್ರಾಮ್ ಬಹಳಷ್ಟು ಸಲ ಕೈಕೊಡುವುದು ಇದೇ ಕೊನೆಯ ಸಾಲಿನಲ್ಲಿ. ಕೂಡಿದಾಗ ಬರುವುದು 0 ಅಲ್ಲ, ಎಲ್ಲ ಬಿಟ್‌ಗಳೂ 1 ಆಗಿರುವ ಮ(ಪಿ)ಯೇ. ಅದನ್ನು ಸೊನ್ನೆಯೆಂದು ಎಣಿಸಲು ಹೇಳದಿದ್ದರೆ ನಿಜವಾದ ಅವಿಭಾಜ್ಯಕ್ಕೂ ಪ್ರೋಗ್ರಾಮ್ ‘ಅಲ್ಲ’ ಎನ್ನುತ್ತದೆ. ಇನ್ನೊಂದು ತಪ್ಪು ಹೆಜ್ಜೆಯ ಎಣಿಕೆ. ಪಿ − 2 ಸಲ ಎಂದರೆ 4 ಅನ್ನು ಲೆಕ್ಕಕ್ಕೆ ಹಿಡಿಯಬಾರದು. ಪಿ = 2ಕ್ಕೆ ಈ ಪರೀಕ್ಷೆ ನಡೆಯುವುದಿಲ್ಲ, ಅದನ್ನು ಹೊರಗಿಡಿ. ಸಿ ಭಾಷೆಯಲ್ಲಿ ಬರೆದರೆ ಮ(31)ವರೆಗೆ ತೊಂದರೆಯಿಲ್ಲ, ವರ್ಗ 62 ಬಿಟ್‌ನಲ್ಲಿ ಹಿಡಿಸುತ್ತದೆ. ಮ(61)ಕ್ಕೆ ವರ್ಗ 122 ಬಿಟ್ ಆಗುತ್ತದೆ, 64 ಬಿಟ್ ಜಾಗದಿಂದ ಚೆಲ್ಲಿಹೋಗುತ್ತದೆ, ಆದರೆ ಯಂತ್ರ ಎರರ್ ಹೇಳದೆ ಸುಳ್ಳು ಉತ್ತರ ಕೊಡುತ್ತದೆ. ಪೈಥಾನ್‌ನಲ್ಲಿ ಆ ಭಯವಿಲ್ಲ; ಪಿ = 2203, 2281ರಂಥವನ್ನು ಲ್ಯಾಬಿನ ಹಳೆ ಯಂತ್ರದಲ್ಲೂ ಧಾರಾಳವಾಗಿ ಮಾಡಿಸಬಹುದು. ಮೊದಲು ಮ(11)ರಲ್ಲಿ ಓಡಿಸಿ ನೋಡಿ. ಸಾಲು 4, 14, 194, 788, 701, 119, 1877, 240, 282, 1736 ಎಂದು ಬರಬೇಕು. ಕೊನೆಗೆ 1736, ಸೊನ್ನೆಯಲ್ಲ. ಪ್ರೋಗ್ರಾಮ್ ಸರಿಯಿದೆ ಎಂಬುದಕ್ಕೆ ಒಂದು ‘ಹೌದು’ ಮತ್ತು ಒಂದು ‘ಅಲ್ಲ’ ಎರಡೂ ಬೇಕು.

ಸೊನ್ನೆ ಬಂದರೆ ಅವಿಭಾಜ್ಯ ಎಂದು ಏಕೆ ನಂಬಬೇಕು? ನಿಮಗಾಗಿ ಇದನ್ನು ಬರೆಯುತ್ತೇನೆ, ಮಕ್ಕಳಿಗೆ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು. 2 + √3 ಮತ್ತು 2 − √3 ಇವುಗಳ ಮೊತ್ತ 4, ಗುಣಲಬ್ಧ 1. ಎರಡನ್ನೂ ವರ್ಗ ಮಾಡಿ ಕೂಡಿದರೆ 14. ಮತ್ತೆ ವರ್ಗ ಮಾಡಿ ಕೂಡಿದರೆ 194. ಅಂದರೆ ನಮ್ಮ ಸಾಲು ಈ ಜೋಡಿಯ ಘಾತಗಳ ಮೊತ್ತ. ಈಗ ಮ(ಪಿ) ಒಡೆಯುತ್ತದೆ ಎಂದುಕೊಳ್ಳಿ. ಅದರ ಅತಿ ಚಿಕ್ಕ ಅವಿಭಾಜ್ಯ ಅಪವರ್ತನ ಕ್ಯು. ಆಗ ಕ್ಯುವಿನ ವರ್ಗ ಮ(ಪಿ)ಯನ್ನು ಮೀರುವುದಿಲ್ಲ. ಕೊನೆಗೆ ಸೊನ್ನೆ ಬಂದಿದ್ದರೆ, ಕ್ಯುವಿನ ಶೇಷಗಳಲ್ಲಿ 2 + √3ನ್ನು 2^(ಪಿ−1) ಘಾತಕ್ಕೇರಿಸಿದಾಗ −1 ಬರುತ್ತದೆ, 2^ಪಿ ಘಾತಕ್ಕೇರಿಸಿದಾಗಲೇ ಮೊದಲ ಸಲ 1. ಆದ್ದರಿಂದ ಅದರ ಘಾತಗಳಲ್ಲಿ 2^ಪಿ ಬೇರೆ ಬೇರೆ ಬೆಲೆಗಳಿರಬೇಕು. ಆದರೆ ಕ್ಯುವಿನ ಶೇಷಗಳಲ್ಲಿ ‘ಎ + ಬಿ√3’ ರೂಪದವು ಸೊನ್ನೆ ಬಿಟ್ಟರೆ ಇರುವುದೇ ಕ್ಯುವಿನ ವರ್ಗಕ್ಕಿಂತ ಒಂದು ಕಡಿಮೆ, ಅಂದರೆ ಹೆಚ್ಚೆಂದರೆ 2^ಪಿ − 2. ಅಷ್ಟು ಜಾಗದಲ್ಲಿ 2^ಪಿ ಬೆಲೆಗಳು ಕೂರುವುದಿಲ್ಲ. ಹಾಗಾಗಿ ಕ್ಯು ಇಲ್ಲ. ಭಾಜಕವನ್ನು ಹುಡುಕಲಿಲ್ಲ, ಅದಕ್ಕೆ ಇರಲು ಜಾಗವಿಲ್ಲ ಎಂದು ತೋರಿಸಿದೆವು. ಮ(ಪಿ) ಅವಿಭಾಜ್ಯವಾಗಿದ್ದರೆ ಸೊನ್ನೆ ಬಂದೇ ಬರುತ್ತದೆ ಎಂಬ ಎದುರು ದಿಕ್ಕಿನ ಸಾಧನೆಗೆ ವರ್ಗಶೇಷಗಳ ನಿಯಮ ಬೇಕು, ಪಿಯು ಮಟ್ಟಕ್ಕೆ ಅದು ಭಾರ.

ಲ್ಯೂಕಾ 1876ರಲ್ಲಿ ಇಂಥದೇ ವಿಧಾನದಿಂದ ಮ(127) ಅವಿಭಾಜ್ಯವೆಂದು ಕೈಲೆಕ್ಕದಲ್ಲೇ ತೋರಿಸಿದ. 39 ಅಂಕಿಯ ಸಂಖ್ಯೆ. 1952ರಲ್ಲಿ ರಾಫೆಲ್ ರಾಬಿನ್ಸನ್ ಕಂಪ್ಯೂಟರಿಗೆ ಈ ಕೆಲಸ ಹಚ್ಚಿದಾಗ 521ರಿಂದ 2281ರವರೆಗೆ ಒಂದೇ ವರ್ಷದಲ್ಲಿ ಐದು ಘಾತಗಳು ಸಿಕ್ಕವು.

ನಮ್ಮ ಸಂಖ್ಯೆಗೆ ಹೆಜ್ಜೆಗಳು 13,62,79,839. ಪ್ರತಿ ಹೆಜ್ಜೆಯಲ್ಲೂ ನಾಲ್ಕು ಕೋಟಿ ಅಂಕಿಯ ಸಂಖ್ಯೆಯ ವರ್ಗ. ಶಾಲೆಯಲ್ಲಿ ಕಲಿತ ಗುಣಾಕಾರದಲ್ಲಿ ಒಂದು ಹೆಜ್ಜೆಗೇ ಸುಮಾರು 1,700 ಲಕ್ಷ ಕೋಟಿ ಬಿಡಿ ಗುಣಾಕಾರ. ಅದಕ್ಕೆ ಬದಲು ದೊಡ್ಡ ಸಂಖ್ಯೆಗಳನ್ನು ಬೇಗ ಗುಣಿಸಲು ನೆರವಾಗುವ ಫಾಸ್ಟ್ ಫೂರಿಯೇ ಟ್ರಾನ್ಸ್‌ಫಾರ್ಮ್ ಎಂಬ ವಿಧಾನ ಬಳಸುತ್ತಾರೆ, ಕೆಲಸ ಅಂಕಿಗಳ ಎಣಿಕೆಗಿಂತ ಸ್ವಲ್ಪವೇ ವೇಗವಾಗಿ ಬೆಳೆಯುವಷ್ಟಕ್ಕೆ ಇಳಿಯುತ್ತದೆ. ಇದಕ್ಕೂ ಬೆಲೆ ತೆರಬೇಕು. ಅದು ದಶಮಾಂಶದ ಲೆಕ್ಕ. ಫಲಿತವನ್ನು ಹತ್ತಿರದ ಪೂರ್ಣಾಂಕಕ್ಕೆ ತರಬೇಕು, ತಪ್ಪು ಅರ್ಧವನ್ನು ಮುಟ್ಟಿದರೆ ಪೂರ್ಣಾಂಕವೇ ಬದಲಾಗುತ್ತದೆ. ಮೆಮೊರಿಯ ಒಂದು ಬಿಟ್ ಯಾವುದೋ ಹೊತ್ತಿನಲ್ಲಿ ತಿರುಗಿಬಿದ್ದರೂ ಅಲ್ಲಿಂದ ಮುಂದಿನದೆಲ್ಲ ವ್ಯರ್ಥ. ಕೊನೆಯಲ್ಲಿ ‘ಸೊನ್ನೆಯಲ್ಲ’ ಎಂದು ಬಂದರೆ ಅದು ಸಂಖ್ಯೆಯ ಗುಣವೋ ಯಂತ್ರದ ದೋಷವೋ ತಿಳಿಯದು. ಈ ಕಾರಣಕ್ಕೆ ಈಗ ಮೊದಲು ಓಡಿಸುವುದು ಆಧಾರ 3ರ ಫರ್ಮಾ ಮಾದರಿಯ ಪರೀಕ್ಷೆ. ಅದಕ್ಕೆ ರಾಬರ್ಟ್ ಗರ್ಬಿಚ್ ಸೂಚಿಸಿದ ತಾಳೆ ಇದೆ, ದಾರಿಯ ನಡುವೆಯೇ ತಪ್ಪು ಹಿಡಿದು ಹಿಂದಿನ ಸರಿಯಾದ ಜಾಗಕ್ಕೆ ಮರಳಬಹುದು. ‘ಬಹುಶಃ ಅವಿಭಾಜ್ಯ’ ಎಂದು ಬಂದ ಮೇಲಷ್ಟೇ ಲ್ಯೂಕಾ–ಲೆಹ್ಮರ್.

ಈ ಸಂಖ್ಯೆಯಲ್ಲೂ ನಡೆದದ್ದು ಹೀಗೆ. ಜಾರ್ಜ್ ವೋಲ್ಟ್‌ಮನ್ 1996ರಲ್ಲಿ ಶುರುಮಾಡಿದ ‘ಗಿಂಪ್ಸ್’ ಎಂಬ ಸಾಮೂಹಿಕ ಹುಡುಕಾಟದಲ್ಲಿ, ಲೂಕ್ ಡ್ಯುರಾಂಟ್ ಅವರು ಬಾಡಿಗೆಗೆ ಪಡೆದ ಗ್ರಾಫಿಕ್ಸ್ ಪ್ರೊಸೆಸರ್‌ಗಳಲ್ಲಿ ಒಂದು, ಐರ್ಲೆಂಡಿನ ಡಬ್ಲಿನ್‌ನಲ್ಲಿದ್ದದ್ದು, 2024ರ ಅಕ್ಟೋಬರ್ 11ರಂದು ‘ಬಹುಶಃ’ ಎಂದಿತು. ಮರುದಿನ ಅಮೆರಿಕದ ಸ್ಯಾನ್ ಆಂಟೋನಿಯೊದ ಇನ್ನೊಂದು ಯಂತ್ರ ಲ್ಯೂಕಾ–ಲೆಹ್ಮರ್ ಮುಗಿಸಿ ಸೊನ್ನೆ ಕೊಟ್ಟಿತು. ಬೇರೆ ಬೇರೆ ಪ್ರೋಗ್ರಾಮ್, ಬೇರೆ ಬೇರೆ ಯಂತ್ರಗಳಲ್ಲಿ ಮತ್ತೆ ಪರೀಕ್ಷಿಸಿ ಅಕ್ಟೋಬರ್ 21ರಂದು ಪ್ರಕಟಿಸಿದರು.

ಚಾರ್ಟಿನಲ್ಲಿ ತಿದ್ದಬೇಕಾದವು. “ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ” ಎಂಬುದು ಇಲ್ಲ, ಅವಿಭಾಜ್ಯಗಳಿಗೆ ಕೊನೆಯಿಲ್ಲ ಎಂದು ಯೂಕ್ಲಿಡ್ ಕಾಲದಿಂದ ಗೊತ್ತು. “2024ರಲ್ಲಿ ಸಿಕ್ಕಾಗ, ಅಲ್ಲಿಯವರೆಗೆ ಗೊತ್ತಿದ್ದವುಗಳಲ್ಲಿ ಅತಿ ದೊಡ್ಡದು” ಎಂದು ಬರೆಯಿಸಿ. “52ನೇ ಮರ್ಸೆನ್ ಅವಿಭಾಜ್ಯ” ಎನ್ನುವ ಬದಲು “ಸಿಕ್ಕಿದವುಗಳಲ್ಲಿ 52ನೆಯದು”. ನಡುವೆ ಯಾವುದೋ ತಪ್ಪಿಸಿಕೊಂಡಿರಬಹುದು. 2008ರಲ್ಲಿ ಮ(43112609) ಮೊದಲು ಸಿಕ್ಕಿ, ಅದಕ್ಕಿಂತ ಚಿಕ್ಕದಾದ ಮ(37156667) ಆಮೇಲೆ ಸಿಕ್ಕಿತು. ಮಕ್ಕಳು ತಾವೇ ಸಾಧಿಸಬಹುದಾದ ಒಂದೆರಡು ಗುಣ ಸೇರಿಸಿ. ಈ ಸಂಖ್ಯೆಯನ್ನು 4ರಿಂದ ಭಾಗಿಸಿದರೆ ಶೇಷ 3, ಆದ್ದರಿಂದ ಇದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಬರುವುದಿಲ್ಲ. ಇದಕ್ಕೆ 2 ಕೂಡಿದರೆ 2^ಪಿ + 1. ಪಿ ಬೆಸವಾದ್ದರಿಂದ ಅದು 3ರಿಂದ ಭಾಗವಾಗುತ್ತದೆ, ಮೇಲುಗಡೆ ಅವಳಿ ಅವಿಭಾಜ್ಯ, ಅಂದರೆ 2 ಮಾತ್ರ ಹೆಚ್ಚಿರುವ ಅವಿಭಾಜ್ಯ, ಸಿಗದು. ಇದನ್ನು 2^(ಪಿ−1)ರಿಂದ ಗುಣಿಸಿದರೆ ಪರಿಪೂರ್ಣ ಸಂಖ್ಯೆ, ಅಂದರೆ ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ಸಮನಾದದ್ದು, 6 ಮತ್ತು 28ರ ಜಾತಿಯದು, 8,20,48,640 ಅಂಕಿ. “ಬ್ಯಾಂಕ್ ಪಾಸ್‌ವರ್ಡ್ ಕಾಪಾಡುವ ಸಂಖ್ಯೆ” ಎಂಬ ಸಾಲು ಇದ್ದರೆ ತೆಗೆಯಿಸಿ. ಗುಪ್ತಲಿಪಿಗೆ ಬೇಕಾದದ್ದು ಯಾರಿಗೂ ಗೊತ್ತಿಲ್ಲದ, ಮುನ್ನೂರು ಅಂಕಿಯ ಆಸುಪಾಸಿನ ಅವಿಭಾಜ್ಯ. ಊರಿಗೆಲ್ಲ ಗೊತ್ತಿರುವುದು ಅಲ್ಲಿ ಕೆಲಸಕ್ಕೆ ಬಾರದು. ಉಪಯೋಗ ತೋರಿಸಲೇಬೇಕೆಂದರೆ ಮ(19937) ಇದೆ, ಪೈಥಾನ್ ಕೊಡುವ ಯಾದೃಚ್ಛಿಕ ಸಂಖ್ಯೆಗಳ ಸಾಲು ಅಷ್ಟು ಹೆಜ್ಜೆಗೊಮ್ಮೆ ಮಾತ್ರ ಮರುಕಳಿಸುತ್ತದೆ.

ಭಾರತದ ಹೆಸರು ಬೇಕಾದರೆ, 2002ರಲ್ಲಿ ಕಾನ್ಪುರ ಐಐಟಿಯ ಮಣೀಂದ್ರ ಅಗರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಯಾವುದೇ ಸಂಖ್ಯೆಯ ಅವಿಭಾಜ್ಯತೆಯನ್ನು ಮಿತವಾದ ಹೆಜ್ಜೆಗಳಲ್ಲಿ ಖಚಿತವಾಗಿ ತೀರ್ಮಾನಿಸುವ ವಿಧಾನ ಕೊಟ್ಟರು. ಸಿದ್ಧಾಂತವಾಗಿ ಅದು ದೊಡ್ಡ ಸಾಧನೆ. ಇಷ್ಟು ದೊಡ್ಡ ಸಂಖ್ಯೆಗೆ ಮಾತ್ರ ಅದನ್ನು ಬಳಸಲು ಬರುವುದಿಲ್ಲ, ಹೆಜ್ಜೆಗಳು ಮಿತವಾದರೂ ನಮ್ಮ ಯಂತ್ರಗಳಿಗೆ ತೀರಾ ಹೆಚ್ಚು.

ಕಾಲೇಜಿನ ಲ್ಯಾಬಿನಿಂದಲೇ ಹುಡುಕಾಟಕ್ಕೆ ಸೇರುವ ಆಸೆ ಮಕ್ಕಳಿಗೆ ಬರಬಹುದು. ಗಿಂಪ್ಸ್‌ನ ಪ್ರೋಗ್ರಾಮ್ ಉಚಿತ. ಪ್ರಾಂಶುಪಾಲರ ಒಪ್ಪಿಗೆ ಪಡೆದು ಒಂದೇ ಯಂತ್ರದಲ್ಲಿ ಹಾಕಿ. ಮೊದಲು ಅದರಲ್ಲೇ ಇರುವ ಒತ್ತಡ ಪರೀಕ್ಷೆಯನ್ನು ಒಂದು ದಿನ ಓಡಿಸಿ. ಪ್ರೊಸೆಸರ್ ಫ್ಯಾನ್‌ನಲ್ಲಿ ಧೂಳು ಕೂತಿದ್ದರೆ, ಮೆಮೊರಿ ಸರಿಯಿಲ್ಲದಿದ್ದರೆ ಅಲ್ಲೇ ಎರರ್ ಬರುತ್ತದೆ, ಅಂಥ ಯಂತ್ರವನ್ನು ಬಿಟ್ಟುಬಿಡಿ. ಮಳೆಗಾಲದಲ್ಲಿ ಕರೆಂಟ್ ಹೋಗಿಬರುವುದರ ಚಿಂತೆ ಬೇಡ. ಪ್ರೋಗ್ರಾಮ್ ಆಗಾಗ ತನ್ನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಡುತ್ತದೆ, ಕರೆಂಟ್ ಬಂದ ಮೇಲೆ ಅಲ್ಲಿಂದಲೇ ಮುಂದುವರಿಯುತ್ತದೆ. ಇವತ್ತಿನ ದೊಡ್ಡ ಘಾತಗಳನ್ನು ತೆಗೆದುಕೊಂಡರೆ ಹಳೆ ಯಂತ್ರಕ್ಕೆ ತಿಂಗಳುಗಳೇ ಬೇಕು, ಅಷ್ಟರಲ್ಲಿ ಪರೀಕ್ಷೆ ಬಂದು ಮಕ್ಕಳು ಕಾಲೇಜು ಬಿಟ್ಟಿರುತ್ತಾರೆ. ಚಿಕ್ಕ ಘಾತಗಳ ಮರುತಾಳೆಯ ಕೆಲಸವನ್ನೋ ಭಾಜಕ ಹುಡುಕುವ ಕೆಲಸವನ್ನೋ ಕೇಳಿ ಪಡೆಯಿರಿ. ಮೇಲೆ ಹೇಳಿದ ಎರಡು ಕಟ್ಟುಪಾಡಿನ ಜರಡಿಯೇ ಅಲ್ಲಿ ಓಡುವುದು, ಭಾಜಕ ಸಿಕ್ಕರೆ ಮಕ್ಕಳು ಅದನ್ನು ಪೈಥಾನ್‌ನ ‘ಪೌ’ ಹಾಕಿ ತಾವೇ ತಾಳೆ ನೋಡಬಹುದು.